ಅಟ್ಟದ ಬಾಗಿಲ ಮೇಲಿನ ವಿಕೆಟ್‌ಗಳು

ಬೆಳಿಗ್ಗೆ ಉಪ್ಪಾರಹಳ್ಳಿಯಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿದ್ದ ಹಿರಿಯರೊಬ್ಬರು ವೀಳ್ಯದೆಲೆಗೆ ಸುಣ್ಣ ಸವರಿ, ಬೆರಳಲ್ಲಿ ಉಳಿದದ್ದನ್ನು ಲೈಟುಕಂಬಕ್ಕೆ ಒರೆಸಿದರು. ಎಲೆ ಸುಣ್ಣದ ಆ ವಾಸನೆಗೆ ಗುಬ್ಬಿ ಪಟ್ಟಣದ ಪಕ್ಕದ ನಮ್ಮೂರಿನ ಮನೆ ಕಣ್ಣ ಮುಂದೆ ಬಂತು.

ತಾತನಿಗೆ ನಮ್ಮ ದೇಶದ ತಂಡದ ಮಧ್ಯಮ ವೇಗದ ಬೌಲರ್ ಒಬ್ಬನೆಂದರೆ ಪ್ರಾಣ. ರೇಡಿಯೋ ಕಾಮೆಂಟ್ರಿಯಲ್ಲಿ ಅವನಿಗೆ ವಿಕೆಟ್ ಸಿಕ್ಕಾಗೆಲ್ಲ ಎಲೆಯಡಿಕೆ ಹಾಕಿಕೊಂಡು, ಸುಣ್ಣದ ಬೆರಳಿನಿಂದ ಕೊಬ್ಬರಿ ಅಟ್ಟದ ಬಾಗಿಲಿಗೆ ಒಂದು ಗೆರೆ ಎಳೆಯುತ್ತಿದ್ದರು. ನೂರು ತುಂಬಿದರೆ ಅಡ್ಡಗೆರೆ. ಎಣಿಕೆಯಲ್ಲಿ ಬಹಳ ಕಟ್ಟುನಿಟ್ಟು. ಒಮ್ಮೆ ಅವಸರಪಟ್ಟು ಗೆರೆ ಎಳೆದ ಮೇಲೆ ಅದು ನೋ ಬಾಲ್ ಎಂದು ತಿಳಿದು, ಪಂಚೆಯ ಅಂಚಿನಿಂದ ಉಜ್ಜಿ ಉಜ್ಜಿ ಅಳಿಸಿದ್ದರು. ತೆಂಗಿನಕಾಯಿ ಮಾರುವಾಗ ಮಾತ್ರ ಕೊಂಡವರ ಖುಷಿಗೆಂದು ನೂರರ ಮೇಲೆ ಎರಡು ಕಾಯಿ ಕೊಸರು ಹಾಕುತ್ತಿದ್ದರು.

ಮತ್ತೊಂದು ಅಡ್ಡಗೆರೆಗೆ ಒಂದೇ ಒಂದು ವಿಕೆಟ್ ಬಾಕಿ ಇರುವಾಗ ಆ ಬೌಲರ್ ಮಂಡಿ ನೋವಿನಿಂದ ಆಟ ಬಿಟ್ಟ. ಸುದ್ದಿ ಕೇಳಿ ತಾತ ರೇಡಿಯೋ ಆಫ್ ಮಾಡಿದರು. ಎಲೆಗೆ ಸುಣ್ಣ ಸವರಿ ಬಾಯಿಗಿಟ್ಟುಕೊಂಡು, ಎದ್ದು ಹೋಗಿ ಇನ್ನೊಂದು ಗೆರೆ ಎಳೆದರು, ಅಡ್ಡಗೆರೆಯನ್ನೂ ಎಳೆದರು.

“ಯಾರೂ ಔಟಾಗಿಲ್ವಲ್ಲ ತಾತ,” ಅಂದೆ.

“ಇಷ್ಟು ವರ್ಷ ಮಂಡಿ ಸವೆಯೋ ಹಂಗೆ ಓಡವ್ನೆ ಕಣವ್ವ. ಒಂದು ಕೊಸರು ಹಾಕ್ಬಾರ್ದಾ?”

ಬಸ್ಸಿನಲ್ಲಿ ಕೂತು ಮೊಬೈಲಿನಲ್ಲಿ ಅವನ ದಾಖಲೆ ತೆಗೆದು ನೋಡಿದೆ. ಈಗಲೂ ಒಂದು ಕಡಿಮೆ ತೋರಿಸುತ್ತಿದೆ. ಅದನ್ನು ಬರೆದವರು ನಮ್ಮ ಅಟ್ಟದ ಬಾಗಿಲು ನೋಡಿಲ್ಲ.