ಗೇಟು ಹಾಕಿದ ಹೊತ್ತಿನ ಪ್ರಾರ್ಥನೆ

ರೈಲ್ವೆ ಗೇಟು ಹಾಕಿದ ಮೇಲೆ ಗೇಟ್‌ಮನ್ ಯೋಸೇಫಣ್ಣ ಟೋಪಿ ತೆಗೆದು ಕಂಕುಳಲ್ಲಿ ಸಿಕ್ಕಿಸಿಕೊಂಡು, ನಿಂತವರ ಹತ್ತಿರ ಬಂದು ಒಬ್ಬೊಬ್ಬರನ್ನೇ ಕೇಳುತ್ತಿದ್ದರು: “ಏನ್ ಕೆಲ್ಸದ ಮೇಲೆ ಹೊಲ್ಟಿದ್ದೀರಿ?” ಒಬ್ಬರು ಮಗಳ ಮನೆಗೆ, ಒಬ್ಬರು ತಾಲ್ಲೂಕು ಆಫೀಸಿಗೆ, ಇನ್ನೊಬ್ಬರು ಎಮ್ಮೆಗೆ ಔಷಧಿ ತರಲು. ಎಲ್ಲವನ್ನೂ ಕೇಳಿಸಿಕೊಂಡು ಕಣ್ಣು ಮುಚ್ಚುತ್ತಿದ್ದರು. “ತಂದೆಯೇ, ಇವ್ರ ಕೆಲ್ಸ ನಿನ್ ಕೈಲೈತೆ. ನಿನ್ ಹೊತ್ತಿಗೆ ಆಗ್ಲಿ. ಆಮೆನ್.” ಆಮೇಲೆ ಟೋಪಿ ತಲೆಗೆ, ಹಸಿರು ಬಾವುಟ ಕೈಗೆ. ಎಮ್ಮೆಯನ್ನೂ ಅವರು ಬಿಟ್ಟವರಲ್ಲ.

ಅಜ್ಜಂಪುರದಿಂದ ಶಿವನಿ ಕಡೆಯ ಶಾಲೆಗೆ ನಾನು ದಿನಾ ಸ್ಕೂಟರಿನಲ್ಲಿ ದಾಟುತ್ತಿದ್ದ ಗೇಟು ಅದು. ಅಲ್ಲಿ ನಿಲ್ಲುವವರಲ್ಲಿ ಕ್ರೈಸ್ತರು ಇಲ್ಲವೆಂದರೂ ನಡೆಯುತ್ತದೆ. ಆಮೆನ್ ರೂಢಿಯಿಲ್ಲದ ಜನ, ಕಥೆ ಕೇಳುವವರ ಹಾಗೆ “ಹ್ಞೂಂ” ಅನ್ನುತ್ತಿದ್ದರು. ನನಗೆ ನಗು. ಯೋಸೇಫಣ್ಣ ಮಾತ್ರ, ಕಡೂರಿನ ತಮ್ಮ ಚರ್ಚಿನಲ್ಲಿ ಆಮೆನ್ ಅನ್ನುವವರಲ್ಲಿ ಅರ್ಧ ಜನ ತೂಕಡಿಸುತ್ತಿರುತ್ತಾರೆ, ಇವರಾದರೂ ಎಚ್ಚರವಾಗಿದ್ದು ಹ್ಞೂಂಗುಟ್ಟುತ್ತಾರಲ್ಲ ಎಂದರು.

ಒಮ್ಮೆ ಮದುವೆ ದಿಬ್ಬಣದ ವ್ಯಾನು ಸಿಕ್ಕಿಕೊಂಡಿತು. ಮುಹೂರ್ತ ಮೀರುತ್ತದೆಂದು ಹುಡುಗನ ಸೋದರಮಾವ ಗೇಟು ತೆಗೆಯಿರೆಂದು ಜಗಳಕ್ಕೇ ನಿಂತ. ಇವರು ಜಗ್ಗಲಿಲ್ಲ, ಹುಡುಗನ ಹೆಸರು, ಹುಡುಗಿಯ ಹೆಸರು ಕೇಳಿಕೊಂಡು ಪ್ರಾರ್ಥನೆಗೆ ನಿಂತುಬಿಟ್ಟರು. ಸೋದರಮಾವ ಹಲ್ಲು ಕಚ್ಚಿಕೊಂಡೇ ಹ್ಞೂಂ ಅಂದ. ಮಾರನೆಯ ದಿನ ಗೇಟಿನ ಗೂಡಿಗೆ ಹೋಳಿಗೆ ತಂದುಕೊಟ್ಟವನೂ ಅವನೇ.

ಅವರ ಈ ‘ನಿನ್ನ ಹೊತ್ತಿಗೆ’ ಎನ್ನುವುದು ನನಗೆ ಅಷ್ಟಾಗಿ ರುಚಿಸುತ್ತಿರಲಿಲ್ಲ. ಕೇಳುವುದೂ ಕೇಳಿ, ಯಾವಾಗ ಬೇಕಾದರೂ ಕೊಡು ಎನ್ನುವುದು ಯಾವ ಸೀಮೆಯ ಬೇಡಿಕೆ?

ಒಂದು ಬೆಳಿಗ್ಗೆ ಗೇಟು ಹಾಕಿತ್ತು. ಯೋಸೇಫಣ್ಣ ಯಾರನ್ನೂ ಏನೂ ಕೇಳಲಿಲ್ಲ. ಟೋಪಿಯನ್ನು ಎದೆಗೆ ಒತ್ತಿಕೊಂಡು ಹಳಿ ನೋಡುತ್ತಾ ನಿಂತಿದ್ದರು. ನಾನೇ ಇಳಿದು ಹೋಗಿ, ಇವತ್ತು ನಿಮ್ಮ ಕೆಲಸ ಏನು ಯೋಸೇಫಣ್ಣ ಎಂದು ಕೇಳಿದೆ.

“ನಮ್ಮನೆಯವ್ಳಿಗೆ ಶಿವಮೊಗ್ಗದಲ್ಲಿ ಆಪರೇಷನ್ನು ಟೀಚರಮ್ಮ. ಹೊಟ್ಟೇಲಿ ಗಡ್ಡೆ. ಒಳಕ್ಕೆ ಕರ್ಕಂಡ್ ಹೋಗೋವಾಗ ಕೈ ಹಿಡ್ಕೋಬೇಕು ಅಂದಿದ್ಲು. ನನ್ ಬದಲಿಗೆ ಬರೋನು ಇನ್ನೂ ಬಂದಿಲ್ಲ. ಗೇಟ್ ಬಿಟ್ ಹೋಗಂಗಿಲ್ಲ.”

ಪ್ರಾರ್ಥನೆ ಮಾಡಿದಿರಾ ಎಂದೆ.

“ಬೇರೆಯವ್ರಿಗಾದ್ರೆ ಬಾಯಿಗ್ ಮಾತು ಬರ್ತದೆ. ನಂಗೇ ಅಂದ್ರೆ ಹೆಂಗ್ ಕೇಳ್ಬೇಕೋ ತಿಳೀದು ಕಣ್ರೀ.”

ನನಗೆ ಪ್ರಾರ್ಥನೆ ಎಲ್ಲಿಂದ ಬರಬೇಕು? ದಿನಾ ಕೇಳಿದ ಮಾತನ್ನೇ ಹೇಳಿದೆ: “ತಂದೆಯೇ, ಯೋಸೇಫಣ್ಣನ ಕೆಲಸ ನಿನ್ನ ಕೈಯಲ್ಲಿದೆ. ಬೇಗ ಆಗಲಿ.” ಬೈಕಿನವರು, ಟ್ರ್ಯಾಕ್ಟರಿನವರು ಎಲ್ಲ ಒಟ್ಟಿಗೆ ಹ್ಞೂಂ ಅಂದರು. ಯೋಸೇಫಣ್ಣ ಕಣ್ಣೊರೆಸಿಕೊಂಡು ಮೆಲ್ಲಗೆ ನಕ್ಕರು. “ಹೊತ್ತನ್ನ ಮಾತ್ರ ಅವನಿಗೇ ಬಿಡಿ ಟೀಚರಮ್ಮ.”

ಬೇಗ ಆಗಲಿಲ್ಲ. ಬದಲಿಯವನು ಬಂದದ್ದು ಬಿಸಿಲೇರಿದ ಮೇಲೆ. ಇವರು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೆಂಡತಿಯನ್ನು ಒಳಗೆ ಕರೆದೊಯ್ದಾಗಿತ್ತು. ವಾರದ ಮೇಲೆ ಗೇಟಿನಲ್ಲಿ ಸಿಕ್ಕಾಗ ನನಗೇ ಮುಖ ಎತ್ತಲಾಗಲಿಲ್ಲ.

“ಒಳಕ್ಕೆ ಹೋಗೋವಾಗ ಅವ್ಳಿಗೆ ಭಯಾನೇ ಆಗ್ಲಿಲ್ವಂತೆ,” ಅಂದರು. “ಎಚ್ಚರ ಆದಾಗ ಎಲ್ಲಿದ್ದೀನೋ ಅಂತ ಹೆದ್ರಿ ಕೈ ಆಡಿಸಿದ್ಲು. ಆವಾಗ ನಾನಿದ್ದೆ.”

ಆ ಬದಲಿಯವನ ಮೇಲಿನ ನನ್ನ ಸಿಟ್ಟು ಮಾತ್ರ ಇವತ್ತಿಗೂ ಇಳಿದಿಲ್ಲ.

ಈಗ ಅಲ್ಲಿ ಗೇಟಿಲ್ಲ. ಹಳಿಯ ಕೆಳಗೆ ಅಂಡರ್‌ಪಾಸ್ ಬಂದಿದೆ. ಯೋಸೇಫಣ್ಣ ನಿವೃತ್ತರಾಗಿ ಕಡೂರು ಸೇರಿದರು. ಗಂಡ ಹೆಂಡತಿ ಇಬ್ಬರೂ ಚೆನ್ನಾಗಿದ್ದಾರಂತೆ. ಶಾಲೆಗೆ ಮುಂಚೆಯೇ ತಲುಪುತ್ತೇನೆ. ಯಾರೂ ತಡೆಯುವುದಿಲ್ಲ, ಯಾವ ಕೆಲಸಕ್ಕೆ ಹೊರಟೆ ಎಂದು ಕೇಳುವವರೂ ಇಲ್ಲ.

ಹೋದ ತಿಂಗಳು ನನ್ನ ತಂಗಿಯನ್ನು ಆಪರೇಷನ್ನಿಗೆ ಒಳಗೆ ಕರೆದೊಯ್ಯುವ ಹೊತ್ತಿಗೆ, ಶಾಲೆಯಿಂದ ಆಸ್ಪತ್ರೆಗೆ ಹೊರಟ ನಾನಿನ್ನೂ ಆ ಅಂಡರ್‌ಪಾಸಿನಲ್ಲೇ ಇದ್ದೆ. ತಲೆಯ ಮೇಲೆ ರೈಲು ಹೋಯಿತು. ಸ್ಕೂಟರನ್ನು ಪಕ್ಕಕ್ಕೆ ನಿಲ್ಲಿಸಿ, ಕಣ್ಣು ಮುಚ್ಚಿ, ನಿನ್ನ ಹೊತ್ತಿಗೆ ಆಗಲಿ ಎಂದೆ. ಹ್ಞೂಂ ಅನ್ನಲು ಯಾರೂ ಇರಲಿಲ್ಲ. ಅದನ್ನೂ ನಾನೇ ಅಂದೆ.