ಬೆಟ್ಟಕ್ಕೆ ಬೆನ್ನು ಹಾಕಿದ ಗಳಿಗೆ

ಬೆಳಕು ಹರಿಯುವ ಹೊತ್ತಿಗೆ ಬೂದಿಯಣ್ಣ ಆರುನೂರ ನಲವತ್ತು ಮೆಟ್ಟಿಲು ಹತ್ತಿ ತಗಡಿನ ಶೆಡ್ಡಿನ ಬಾಗಿಲು ತೆಗೆದಾಗಿರುತ್ತದೆ. ಒಳಗೆ ಬಾಗಿಲಷ್ಟು ದೊಡ್ಡ ಎರಡು ಫಲಕಗಳು ಅಕ್ಕಪಕ್ಕ ನಿಂತು ಎದುರಿನ ಜ್ವಾಲಾಮುಖಿಯನ್ನೇ ನೋಡುತ್ತಿವೆ. ಅವುಗಳ ಮೇಲೆ ಕೂತ ಬೂದಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಾರೆ, ವೈರುಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಾರೆ. ಹನ್ನೊಂದು ವರ್ಷದಿಂದ ಇದೇ ಕೆಲಸ. ರಜೆ ಹಾಕಿದ್ದು ಜ್ವರ ಬಂದ ನಾಲ್ಕು ದಿನ ಮಾತ್ರ.

ಫಲಕಗಳು ಹಿಡಿಯುವುದು ಮ್ಯೂಆನ್ ಎಂಬ ಕಣಗಳನ್ನು. ಅಣುವಿಗಿಂತ ಎಷ್ಟೋ ಚಿಕ್ಕವು. ಆಕಾಶದಿಂದ ಸದಾ ಸುರಿಯುತ್ತವೆ, ಬಂಡೆಯನ್ನೂ ತೂರಿ ಬರುತ್ತವೆ. ಬೆಟ್ಟದೊಳಗೆ ಟೊಳ್ಳಿದ್ದ ಕಡೆ ಹೆಚ್ಚು ದಾಟುತ್ತವೆ, ಗಟ್ಟಿಯಿದ್ದ ಕಡೆ ಕಡಿಮೆ. "ಡಾಕ್ಟ್ರು ಎದೆಗೆ ಎಕ್ಸ್‌ರೇ ತೆಗೀತಾರಲ್ಲ, ಇದು ಬೆಟ್ಟಕ್ಕೆ. ಇದರಲ್ಲಿ ಟೊಳ್ಳು ಬೆಳ್ಳಗೆ ಕಾಣುತ್ತೆ. ಅದು ಕಪ್ಪಾಗ್ತಾ ಬಂದ್ರೆ ಒಳಗೆ ಕರಗಿದ ಕಲ್ಲು ತುಂಬ್ತಾ ಇದೆ ಅಂತ ಅರ್ಥ," ಎನ್ನುತ್ತಾರೆ.

ನಾನು ಪೇಪರಿನವನು, ಲೇಖನದ ಶೀರ್ಷಿಕೆಯನ್ನು ಬರೆದುಕೊಂಡೇ ಬಂದವನು: 'ಊರು ಕಾಯುವ ಕಣ್ಣು'. ಎಷ್ಟು ಜೀವ ಉಳಿಸಿದ್ದೀರಿ ಎಂದು ಎರಡು ಸಲ ಕೇಳುತ್ತೇನೆ. ಎರಡು ಸಲವೂ ಅವರು ಬಟ್ಟೆ ಹಿಂಡುತ್ತಾರೆ. ಆಮೇಲೆ, "ಉಳಿಸಿದ್ದು ಗೊತ್ತಿಲ್ಲ ಸಾರ್. ಕಳೆದದ್ದು ಗೊತ್ತು," ಎನ್ನುತ್ತಾರೆ.

ಎರಡು ವರ್ಷದ ಹಿಂದಿನ ಮಾತು. ಹೊಸ ವೈರು ಬಂದಿತ್ತು. ವಿಜ್ಞಾನಿ ಮೇಡಂ ಫೋನಿನಲ್ಲಿ, ಎಡದ ಫಲಕಕ್ಕೆ ಕೆಂಪು ವೈರು ಎಂದರು. "ಮೇಡಂ ಎಡ ಅಂದಿದ್ದು ಬೆಟ್ಟಕ್ಕೆ ಮುಖ ಮಾಡಿದಾಗಿನ ಎಡ. ವೈರು ಸಿಕ್ಕಿಸೋ ತೂತು ಬೆಟ್ಟದ ಕಡೆಗಿದೆ, ನಾನು ಬೆಟ್ಟಕ್ಕೆ ಬೆನ್ನು ಹಾಕಿ ನಿಂತಿದ್ದೆ. ಯಾರ ಎಡ ಮೇಡಂ ಅಂತ ಒಂದು ಮಾತು ಕೇಳಬೇಕಿತ್ತು. ಇಷ್ಟು ವರ್ಷದವನಿಗೆ ಇದೂ ಗೊತ್ತಿಲ್ವಾ ಅಂದಾರು ಅಂತ ಬಾಯಿ ಮುಚ್ಕೊಂಡೆ."

ಕೆಂಪು ವೈರು ಬಲದ ಫಲಕಕ್ಕೆ ಹೋಗಿ ಚಿತ್ರ ಅದಲುಬದಲಾಯಿತು. ಬಲ ಇಳಿಜಾರಿನ ಕಪ್ಪು ಎಡಕ್ಕೆ ಕಂಡಿತು. ಎಡದ ಕೇರಿಯನ್ನು ಖಾಲಿ ಮಾಡಿಸಿದರು, ಸಿಡಿದದ್ದು ಬಲ. ಬಲದ ಕೇರಿಯಲ್ಲಿ ಅವರ ಅಕ್ಕನ ಮನೆ. ಭಾವ ದರ್ಜಿ. 'ನಿಮ್ಮ ಕಡೆ ಏನೂ ಇಲ್ಲ ಭಾವ, ಆರಾಮಾಗಿರಿ' ಎಂದು ಹಿಂದಿನ ದಿನ ಇವರೇ ಹೇಳಿ ಬಂದಿದ್ದರು. ಹಾರಿಬಂದ ಕಲ್ಲಿಗೆ ಭಾವನ ಬಲಗೈ ಹೋಯಿತು.

ಎರಡು ದಿನ ಬಿಟ್ಟು ಒರೆಸುವಾಗ ತಪ್ಪು ಕಣ್ಣಿಗೆ ಬಿತ್ತು. ಕಳ್ಳನ ಹಾಗೆ ವೈರು ಬದಲಿಸಿಟ್ಟರು. ವರದಿಯಲ್ಲಿ 'ಉಪಕರಣದ ದೋಷ' ಎಂದು ಬಂತು. ಅಕ್ಕ ದಿನವೂ ಬುತ್ತಿ ಕಟ್ಟಿಕೊಡುತ್ತಾಳೆ, ಕಟ್ಟುವಾಗ ಬೆಟ್ಟ ನೋಡುವ ಆ ಹಾಳು ಯಂತ್ರವನ್ನು ನಂಬಿ ಕೆಟ್ಟೆವು ಎಂದು ಬೈಯುತ್ತಾಳೆ.

"ಆ ಬುತ್ತಿ ಬಿಚ್ಚೋಕೆ ಮನಸ್ಸು ಬರಲ್ಲ ಸಾರ್. ಯಂತ್ರ ಸರಿಯಾಗೇ ನೋಡಿತ್ತು, ತಪ್ಪು ನಂದು ಅಂತ ಬರೀರಿ. ನನಗಿಷ್ಟೇ ಆಸೆ. ಅಕ್ಕ ಭಾನುವಾರದ ಪೇಪರ್ ಓದ್ತಾಳೆ."

ಎಷ್ಟು ಜೀವ ಎಂದು ಕೇಳಿದ ನನ್ನ ಬಾಯಿಗೆ ನಾನೇ ಹೇಸುತ್ತೇನೆ. ಶೀರ್ಷಿಕೆಗೆ ಗೀಟು ಹಾಕಿ, "ನೀವು ಹೇಳಿ ಬನ್ನಿ, ಆಮೇಲೆ ಬರೀತೀನಿ. ಜೊತೆಗೆ ನಾನೂ ಬರ್ತೀನಿ," ಎನ್ನುತ್ತೇನೆ.

ಮಧ್ಯಾಹ್ನ ಇಳಿಯುತ್ತೇವೆ. ಭಾವ ಎಡಗೈಯಲ್ಲಿ ಬಟ್ಟೆ ಕತ್ತರಿಸುತ್ತಿದ್ದಾರೆ, ಅಕ್ಕ ಅಂಚು ಹಿಡಿದಿದ್ದಾಳೆ. ಬೂದಿಯಣ್ಣ ಹೊಸ್ತಿಲಲ್ಲೇ ನಿಂತು, ನೆಲ ನೋಡುತ್ತ, ಫೋನಿನಿಂದ ಹಿಡಿದು ವೈರು ಬದಲಿಸಿಟ್ಟದ್ದರವರೆಗೆ ಎಲ್ಲ ಹೇಳುತ್ತಾರೆ. ಕತ್ತರಿ ನಿಲ್ಲುತ್ತದೆ. ಅಕ್ಕ ತಮ್ಮನ ಕೈಯಿಂದ ಬುತ್ತಿಯ ಡಬ್ಬಿ ಇಸಿದುಕೊಂಡು ಮುಚ್ಚಳ ತೆಗೆಯುತ್ತಾಳೆ. ಇಟ್ಟದ್ದು ಇಟ್ಟ ಹಾಗೇ ಇದೆ.

"ಎಡಗೈಲಿ ಕತ್ತರಿ ಹಿಡಿಯೋದು ಕಲಿಯೋಕೆ ನಿಮ್ಮ ಭಾವನಿಗೆ ಆರು ತಿಂಗಳು ಹಿಡೀತು ಕಣೋ," ಎನ್ನುತ್ತಾಳೆ. "ಎಡ ಯಾವುದು ಅಂತ ಬಾಯಿಬಿಡೋಕೆ ನಿನಗೆ ಎರಡು ವರ್ಷ ಬೇಕಾಯ್ತಾ?"