ಹಾಶಿಯಾದಲ್ಲಿ ಬರೆಯದ ಮಾತು

ನನಗೊಂದು ಕೆಟ್ಟ ಚಟವಿದೆ. ಎಲೆ ಅಡಿಕೆಯದಾಗಿದ್ದರೆ ಡಾಕ್ಟರಾದರೂ ಬೈದು ಬಿಡಿಸುತ್ತಿದ್ದರು. ಇದು ತಪ್ಪು ಹುಡುಕುವ ಚಟ. ಮದುವೆಯ ಕಾರ್ಡು ಬಂದರೆ ಮುಹೂರ್ತ ನೋಡುವ ಮೊದಲು ಕಾಗುಣಿತ ನೋಡುತ್ತೇನೆ. ಒಮ್ಮೆ ಸೇಡಂನ ಬೀಗರ ಮನೆಯ ಕಾರ್ಡನ್ನು ಕೆಂಪು ಪೆನ್ನಿನಲ್ಲಿ ತಿದ್ದಿ, ಮರೆತು ಉಡುಗೊರೆಯ ಸೀರೆಯ ಜೊತೆಗೇ ಅವರ ಕೈಗಿಟ್ಟು ಬಂದಿದ್ದೆ. ಆ ಬೀಗಿತಿ ಇಂದಿಗೂ ನನ್ನ ತಟ್ಟೆಗೆ ಹೋಳಿಗೆಯನ್ನು ಲೆಕ್ಕಹಾಕಿಯೇ ಬಡಿಸುತ್ತಾರೆ. ಮೂವತ್ತನಾಲ್ಕು ವರ್ಷ ವಾಡಿಯ ಶಾಲೆಯಲ್ಲಿ ಕನ್ನಡ ಕಲಿಸಿದವನು ನಾನು. ಕೆಂಪು ಗೆರೆ ಬೀಳದ ಹಾಳೆ ಎಂದರೆ ಯಾರೂ ಓದದ ಹಾಳೆ ಎಂದೇ ನನ್ನ ನಂಬಿಕೆಯಾಗಿತ್ತು. ಆ ನಂಬಿಕೆಯಿಂದ ನಾನು ಕಳೆದುಕೊಂಡದ್ದು ಏನು ಎಂಬುದನ್ನು ಹೇಳಿಕೊಳ್ಳಲಿಕ್ಕೇ ಈಗ ಕೂತಿದ್ದೇನೆ.

ನಿವೃತ್ತನಾದ ವರ್ಷ ಅಂಗಳಕ್ಕೆ ಫರಸಿ ಕಲ್ಲು ಹಾಕಿಸೋಣವೆಂದು ಶಹಾಬಾದಕ್ಕೆ ಹೋಗಿದ್ದೆ. ಕಲ್ಲಿಗೆ ಪಾಲಿಶ್ ಹೊಡೆಯುವ ಜಾಗದ ಪಕ್ಕದ ಮನೆಯ ಕಟ್ಟೆಯ ಮೇಲೆ ಒಬ್ಬ ಹಿರಿಯರು ಶಾಲಿನ ತುದಿಯಿಂದ ಪುಸ್ತಕವೊಂದನ್ನು ಒರೆಸುತ್ತಿದ್ದರು. ಅಲ್ಲಿ ಕಲ್ಲಿನ ಪುಡಿ ಎಲ್ಲದರ ಮೇಲೂ ಕೂಡುತ್ತದೆ, ಆರಿದ ಚಹಾದ ಮೇಲೆ ಕೂಡ. ಅವರು ಬಿಚ್ಚಿದ ಹಾಳೆ ನೋಡಿ ನಾನು ನಿಂತುಬಿಟ್ಟೆ. ನಡುವೆ ನಾಲ್ಕು ಸಾಲು ಮೂಲ, ಅದರ ಸುತ್ತ ವ್ಯಾಖ್ಯಾನ, ಅದರಾಚೆ ಅಂಚಿನಲ್ಲಿ ಓರೆಯಾಗಿ, ತಲೆಕೆಳಗಾಗಿ, ಇನ್ನೂ ಸಣ್ಣ ಅಕ್ಷರದ ಟಿಪ್ಪಣಿಗಳು. ಇದೇನೆಂದು ಕೇಳಿದೆ.

"ಅರಬ್ಬಿ ವ್ಯಾಕರಣ್ರಿ. ನಡುವ ಇರೋರು ಗುರುಗಳು. ಸುತ್ತ ಇರೋರು ಗುರುಗಳ ತಪ್ಪ ಹಿಡಿಯೋರು. ಅಂಚಿನ್ಯಾಗ, ಅಂದ್ರ ಹಾಶಿಯಾದಾಗ ಇರೋರು, ತಪ್ಪ ಹಿಡಿದವರ ತಪ್ಪ ಹಿಡಿಯೋರು. ಬರ್ರಿ, ಕುಂದ್ರಿ."

ನನಗೆ ಹುಟ್ಟಿದೂರು ಸಿಕ್ಕಂತಾಯಿತು. ಅವರು ಮಸೀದಿಯ ಮಕ್ಕಳಿಗೆ ಓದು ಕಲಿಸುವ ಮೌಲಿಸಾಬರು. ಅಂದಿನಿಂದ ಆರು ವರ್ಷ ಪ್ರತಿ ಗುರುವಾರ ವಾಡಿಯಿಂದ ಬೆಳಗಿನ ಪ್ಯಾಸೆಂಜರ್ ಗಾಡಿ ಹಿಡಿದು ಅವರ ಕಟ್ಟೆಗೆ ಹೋದೆ. ನನ್ನ ಅಂಗಳಕ್ಕೆ ಇನ್ನೂ ಫರಸಿ ಬಿದ್ದಿಲ್ಲ.

ಆ ಕಟ್ಟೆಯ ಮೇಲೆ ಕೂತು ನಾನು ಇರಾಕಿನ ಬಸ್ರಾ, ಕೂಫಾ ಎಂಬ ಹಳೆಯ ವ್ಯಾಕರಣದ ಊರುಗಳನ್ನು ನೋಡಿಬಂದೆ. ಬಸ್ರಾದ ಪಂಡಿತರು ನಿಯಮದ ಜನ. ಸೂತ್ರಕ್ಕೆ ಒಗ್ಗದ ಮಾತನ್ನು ಬಾಗಿಲಲ್ಲೇ ತಡೆಯುತ್ತಿದ್ದರು. ಕೂಫಾದವರೋ, ಮರುಭೂಮಿಯ ಒಂಟೆ ಕಾಯುವವನೊಬ್ಬ ಹಾಗೆ ಅಂದದ್ದು ಕಿವಿಗೆ ಬಿದ್ದರೆ ಸಾಕು, ಆ ಮಾತನ್ನು ಒಳಗೆ ಕರೆದು ಕೂರಿಸುತ್ತಿದ್ದರು. ಇವರಿಬ್ಬರ ಜಗಳವನ್ನು ಮುಂದಿನ ವ್ಯಾಖ್ಯಾನಕಾರರು ತಲೆಮಾರುಗಟ್ಟಲೆ ಸಾಕಿ ಬೆಳೆಸಿದರು. ನಮ್ಮ ವ್ಯಾಕರಣದಲ್ಲಿ ರಾಮ ರಾವಣನನ್ನು ಕೊಲ್ಲುವ ಹಾಗೆ, ಅವರ ಉದಾಹರಣೆಗಳಲ್ಲಿ ಜೈದ್ ಎಂಬವನು ಅಮ್ರ್ ಎಂಬವನನ್ನು ಹೊಡೆಯುತ್ತಾನೆ. "ಸಾವಿರ ವರ್ಷ ಆತು ಮಾಸ್ತರ್, ಪಾಪ ಅಮ್ರ್ ಏಟು ತಿನ್ನಲಿಕತ್ತಾನ. ಇಷ್ಟು ಪಂಡಿತರು ಬಂದ್ರು, ಒಬ್ಬನೂ ಬಿಡಸಲಿಲ್ಲ," ಎಂದು ಮೌಲಿಸಾಬರು ಮರುಗುತ್ತಿದ್ದರು.

ನನಗೆ ಹೆಚ್ಚು ಹಿಡಿಸಿದ್ದು ಆ ಪಂಡಿತರು ತಪ್ಪು ಹಿಡಿಯುವ ರೀತಿ. ಹಿರಿಯರ ಮಾತು ಒಪ್ಪಿಗೆಯಾಗದಿದ್ದರೆ 'ಫೀಹಿ ನಝರ್' ಎಂದು ಬರೆಯುತ್ತಾರೆ. ಇದರಲ್ಲಿ ಇನ್ನಷ್ಟು ನೋಡುವುದಿದೆ, ಎಂದರ್ಥ. ಅಷ್ಟೇ. ನಾನು ಹುಡುಗರ ಉತ್ತರಪತ್ರಿಕೆಯ ಮೇಲೆ ಏನೇನು ಬರೆದಿದ್ದೇನೆಂದು ನೆನೆದರೆ, ಈಗ ದೊಡ್ಡವರಾಗಿ ನನಗೆ ರಸ್ತೆಯಲ್ಲಿ ನಮಸ್ಕಾರ ಮಾಡುವ ಅವರ ಮುಖ ನೋಡಲಿಕ್ಕೆ ಧೈರ್ಯ ಬರುವುದಿಲ್ಲ.

ಐದು ವರ್ಷ ಕೇಳಿದ ಮೇಲೆ ಕೈ ಸುಮ್ಮನಿರಲಿಲ್ಲ. ಆ ವ್ಯಾಖ್ಯಾನಕಾರರ ತಪ್ಪು ಹಿಡಿಯುವ ಕಲೆಯ ಬಗ್ಗೆ ಕನ್ನಡದಲ್ಲಿ ಅರವತ್ತು ಹಾಳೆ ಬರೆದೆ. ಮೌಲಿಸಾಬರು ಟಿಪ್ಪಣಿ ಬರೆಯಲೆಂದು ಪ್ರತಿ ಹಾಳೆಯಲ್ಲೂ ಮೂರು ಬೆರಳಿನಷ್ಟು ಅಂಚು ಬಿಟ್ಟೆ. ಒಂದು ತಿಂಗಳಾದ ಮೇಲೆ ಅವರು ಹಾಳೆಗಳನ್ನು ವಾಪಸು ಕೊಟ್ಟರು. "ಛಲೋ ಬರದೀರಿ ಮಾಸ್ತರ್. ಮುಂದಿನ ಗುರುವಾರ ಜರಾ ಲಗೂನೇ ಬರ್ರಿ, ಕುಂತು ಮಾತಾಡೂಣ್ರಿ."

ಗಾಡಿಯಲ್ಲಿ ಕೂತು ಬಿಚ್ಚಿ ನೋಡಿದೆ. ಅರವತ್ತು ಹಾಳೆಯಲ್ಲಿ ಒಂದು ಚುಕ್ಕೆಯೂ ಇರಲಿಲ್ಲ. ಓದಿಲ್ಲ, ಸುಮ್ಮನೆ ಛಲೋ ಅಂದಿದ್ದಾರೆ, ಅಷ್ಟು ದೊಡ್ಡ ಗ್ರಂಥ ಓದುವವರಿಗೆ ಶಾಲೆಯ ಮಾಸ್ತರನ ಬರಹ ಯಾವ ಲೆಕ್ಕ, ಎಂದೆಲ್ಲ ಅಂದುಕೊಂಡೆ. ವಾಡಿಯಲ್ಲಿ ಇಳಿಯುವಷ್ಟರಲ್ಲಿ ಸಿಟ್ಟು ಗಟ್ಟಿಯಾಗಿತ್ತು. ಮುಂದಿನ ಗುರುವಾರ ಮೊಣಕಾಲು ನೋವೆಂದು ಫೋನಿನಲ್ಲಿ ತಿಳಿಸಿದೆ. ಅದರ ಮುಂದಿನ ವಾರ ಚಿಂಚೋಳಿಯಲ್ಲಿ ತಂಗಿಯ ಮನೆ ನೆಪವಾಯಿತು. ಆಮೇಲೆ ಅವರೇ ಎರಡು ಸಲ ಹೇಳಿಕಳಿಸಿದರು, ನಾನು ಹೋಗಲಿಲ್ಲ. ಹೀಗೆ ನಾಲ್ಕು ತಿಂಗಳು ಕಳೆದವು. ಅರವತ್ತೈದು ದಾಟಿದವನ ಮುನಿಸು ಐದು ವರ್ಷದ ಮಗುವಿನದಕ್ಕಿಂತ ಕೆಟ್ಟದು. ಮಗುವಾದರೆ ಊಟದ ಹೊತ್ತಿಗೆ ಮರೆಯುತ್ತದೆ.

ಒಂದು ಮುಂಜಾನೆ ಮೌಲಿಸಾಬರು ತೀರಿಕೊಂಡರೆಂದು ಸುದ್ದಿ ಬಂತು. ಎರಡೇ ದಿನದ ಜ್ವರವಂತೆ. ಹೋಗಿ ಹಿಡಿ ಮಣ್ಣು ಹಾಕಿ ಬಂದೆ. ಮುನಿಸು ಇನ್ನೂ ಒಳಗೇ ಇತ್ತು, ಅದನ್ನು ಯಾರ ಮೇಲೆ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ.

ನಲವತ್ತನೇ ದಿನದ ಫಾತಿಹಾ ಪ್ರಾರ್ಥನೆ ಮುಗಿದ ಮೇಲೆ ಒಂದು ಭಾನುವಾರ ಅವರ ಮಗಳು ನಸ್ರೀನ್ ನಮ್ಮ ಮನೆಗೆ ಬಂದಳು. ಚಿತ್ತಾಪುರದ ಸರಕಾರಿ ಶಾಲೆಯಲ್ಲಿ ಕನ್ನಡ ಕಲಿಸುತ್ತಾಳೆ. ಚೀಲದಿಂದ ಮಗ್ಗಿ ಅಚ್ಚುಹಾಕಿದ ರಟ್ಟಿನ ಒಂದು ಶಾಲೆಯ ನೋಟುಬುಕ್ಕು ತೆಗೆದು ನನ್ನ ಮುಂದಿಟ್ಟಳು.

"ಅಬ್ಬಾ ನಿಮ್ಮ ಬರಹದ ಮ್ಯಾಲ ಬರದದ್ದರಿ ಸರ್. ಅವರು ಕನ್ನಡ ಏಳನೇ ಕ್ಲಾಸ ತನಕ ಅಷ್ಟೇ ಕಲ್ತಿದ್ರು. ದಿನಾ ಸಂಜಿಗಿ ನನಗ ಫೋನ್ ಮಾಡಿ ಅಕ್ಷರ ಕೇಳವ್ರು. ಮಾಸ್ತರ್ ನೋಡೋದು, ತಪ್ಪ ಆಗಬಾರದು ಅನ್ನೋರು. ಪ್ರತಿ ಗುರುವಾರ ಇದನ್ನ ತೊಡಿ ಮ್ಯಾಲ ಇಟ್ಕೊಂಡು ನಿಮ್ಮ ಹಾದಿ ನೋಡಿದ್ರು."

ನಾನು ಕೇಳಿದೆ: "ನಾ ಅಷ್ಟು ಅಂಚು ಬಿಟ್ಟಿದ್ನಲ್ಲವ್ವ. ಅಲ್ಲೇ ಯಾಕ ಬರೀಲಿಲ್ಲ?"

"ಅಯ್ಯ ಸರ್, ನಮ್ಮ ಮನ್ಯಾಗ ಹಂಗ ಮಾಡಲ್ರಿ. ಹಾಶಿಯಾದಾಗ ಬರಿಯೋದು ತೀರಿಕೊಂಡವರ ಪುಸ್ತಕಕ್ಕ. ಜೀವಂತ ಇದ್ದವರಿಗಿ ಎದುರಿಗಿ ಕುಂತು ಓದಿ ಹೇಳಬೇಕು, ಅವರು ಜವಾಬು ಕೊಡಬೇಕು. ಮುತ್ಯಾನ ಕಾಲದ ರಿವಾಜು ಅದು. ಮಾಸ್ತರ್ ನೂರು ವರ್ಷ ಬದಕಲಿ, ಅವರ ಅಂಚಿಗಿ ನಾ ಕೈ ಹಚ್ಚಲ್ಲ ಅಂತಿದ್ರು."

ನನ್ನ ಆಯುಷ್ಯ ಹಾರೈಸಿ ಖಾಲಿ ಬಿಟ್ಟ ಅಂಚನ್ನು ನಾನು ತಿರಸ್ಕಾರವೆಂದು ಓದಿದ್ದೆ. ಹೆಂಡತಿ ಚಹಾ ತಂದಿಟ್ಟಳು. ನಾನು ಕಪ್ಪನ್ನು ಬದಿಗೆ ಸರಿಸಿ ನೋಟುಬುಕ್ಕು ಬಿಚ್ಚಿದೆ.

ನೋಟುಬುಕ್ಕಿನಲ್ಲಿ ನಲವತ್ತೊಂದು ಆಕ್ಷೇಪಗಳಿದ್ದವು. ಅಕ್ಷರ ಸೊಟ್ಟಸೊಟ್ಟ, ಒತ್ತಕ್ಷರಗಳ ಕೆಳಗೆ ಅಳಿಸಿ ಬರೆದ ಗುರುತು. ಹಳೆಯ ವ್ಯಾಖ್ಯಾನಕಾರರು ಹೊಟ್ಟೆಕಿಚ್ಚಿನವರೆಂದು ನಾನು ಬರೆದಿದ್ದೆ. ಅದಕ್ಕೆ ಅವರ ಉತ್ತರ: 'ಹೊಟ್ಟಿಕಿಚ್ಚಿನವ ಎರಡು ಹಾಳಿ ಓದಿ ಪುಸ್ತಕ ಮುಚ್ಚತಾನ. ಮುನ್ನೂರು ಹಾಳಿ ಓದಿ ತಪ್ಪ ಬರಿಯೋನಿಗಿ ಆ ಗುರುವಿನ ಮ್ಯಾಲ ಭಾಳ ಜೀವ ಇರಬೇಕು.' ಕೂಫಾದವರನ್ನು ನಾನು ಗೇಲಿ ಮಾಡಿದ ಕಡೆ ಇನ್ನೊಂದು: 'ಒಂಟಿ ಕಾಯೋರ ಮಾತು ಅಂತ ನಗಬ್ಯಾಡ್ರಿ ಮಾಸ್ತರ್. ನಾವೂ ಕಲ್ಲ ಒಡಿಯೋರ ಮಾತು ಕೇಳೇ ಬೆಳದೀವಿ.' ನಲವತ್ತರವರೆಗೆ ನಾನು ಒಂದೊಂದಾಗಿ ಓದಿದೆ. ಎಲ್ಲವೂ ಸರಿಯಾಗಿದ್ದವು. ಎಲ್ಲಿಯೂ ನನ್ನದು ತಪ್ಪು ಎಂಬ ಮಾತಿರಲಿಲ್ಲ.

ಕೊನೆಯ ಆಕ್ಷೇಪ ಬರಹದ ಮೊದಲಿಗೆ ನಾನು ಹಾಕಿದ್ದ ಅರಿಕೆಯ ಮೇಲೆ. ಇದರಲ್ಲಿ ಸರಿಯಾದದ್ದೆಲ್ಲ ಮೌಲಿಸಾಬರದು ಎಂದು ನಾನು ಬರೆದಿದ್ದೆ. ಅವರು ಬರೆದಿದ್ದರು: 'ಇದರಾಗ ನಂದೇನೂ ಇಲ್ಲ. ನಾ ಕಟ್ಟಿ ಮ್ಯಾಲ ಜಾಗ ಕೊಟ್ಟಿದ್ದೆ, ಅಷ್ಟೇ. ನಡದು ಬಂದೋರು ನೀವು.'

"ಅಬ್ಬಾ ಬರದದ್ದು ಎಲ್ಲಾ ಖರೇ ಅದೇನ್ರಿ ಸರ್?" ನಸ್ರೀನ್ ಕೇಳಿದಳು.

"ನಲವತ್ತು ಖರೇ ಅವ ನೋಡವ್ವ. ಕಡೀದು ಒಪ್ಪಲಿಕ್ಕಾಗಲ್ಲ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಪೆನ್ನು ತೆಗೆದುಕೊಟ್ಟಳು. "ಅಬ್ಬಾರ ಅಂಚಿನ್ಯಾಗ ಬರೀರಿ ಸರ್. ಈಗ ಬರಿಬಹುದು."

ಈಗ ಬರೆಯಬಹುದು ಎಂಬುದನ್ನು ನಾನು ತಡೆದುಕೊಳ್ಳಲಾರದೆ ಹೋದೆ. ಅಳು ನಿಂತ ಮೇಲೆ ಪೆನ್ನು ವಾಪಸು ಕೊಟ್ಟು, "ಎದುರಿಗೇ ಹೇಳ್ತೀನಿ, ನಡಿಯವ್ವ" ಎಂದು ಚಪ್ಪಲಿ ಮೆಟ್ಟಿದೆ. ಮಧ್ಯಾಹ್ನದ ಗಾಡಿಗೆ ಇಬ್ಬರೂ ಶಹಾಬಾದಕ್ಕೆ ಹೋದೆವು. ಅವಳು ಖಬರಸ್ಥಾನದ ಗೋಡೆಯ ಹತ್ತಿರ ನಿಂತಳು. ನಾನು ಅವರ ಗೋರಿಯ ಮಣ್ಣಿನ ಪಕ್ಕ ಕೂತು ಮೊದಲಿನಿಂದ ಓದಿದೆ. ನಲವತ್ತು ಮಾತಿಗೂ ಹೌದ್ರಿ ಎಂದೆ. ಕೊನೆಯದಕ್ಕೆ ಇಲ್ರಿ, ನೀವು ಹೇಳಿದ್ದು ಸುಳ್ಳು, ಎಂದು ಜೋರಾಗಿಯೇ ಅಂದೆ. ಜವಾಬಿಗಾಗಿ ಬಹಳ ಹೊತ್ತು ಕಾದೆ. ಆರು ವರ್ಷದಲ್ಲಿ ಮೌಲಿಸಾಬರ ಜೊತೆ ನಾನು ಗೆದ್ದ ವಾದ ಅದೊಂದೇ.